ಬಂದು ಹೋಗುವ ಖಳನಿಗೆ ಎಷ್ಟು ತೂಕ?

ದೊಡ್ಡ ಕಥೆಗಳಲ್ಲಿ ಖಳ ಒಬ್ಬನೇ ಇರೋದಿಲ್ಲ. ಕೊನೆಯವರೆಗೂ ನಾಯಕನಿಗೆ ಎದುರಾಗಿ ನಿಲ್ಲುವವನು ಒಬ್ಬನಾದರೆ, ನಡುವೆ ಬಂದು, ಒಂದಷ್ಟು ಹಾನಿ ಮಾಡಿ, ಸತ್ತೋ ಸೋತೋ ಮರೆಯಾಗುವವರು ಹತ್ತಾರು ಮಂದಿ. ಜಪಾನಿನ ಮಂಗಾ ಓದುವ ಹುಡುಗ ಹುಡುಗಿಯರನ್ನು ಮಾತಿಗೆಳೆದು ನೋಡಿ. ಈ ಎರಡನೇ ಸಾಲಿನ ಖಳರ ಬಗ್ಗೆ ಅವರು ಆಡುವಷ್ಟು ಜಗಳ ನಾಯಕನ ಬಗ್ಗೆಯೂ ಆಡೋದಿಲ್ಲ. ‘ಅವನಿಲ್ಲದಿದ್ರೆ ಆ ಕಥೇನೇ ಇಲ್ಲ’ ಅಂತ ಒಬ್ಬರು. ‘ಅವನನ್ನ ಕಿತ್ತು ಹಾಕಿದ್ರೂ ಯಾರಿಗೂ ಗೊತ್ತಾಗಲ್ಲ’ ಅಂತ ಇನ್ನೊಬ್ಬರು.

ಮಕ್ಕಳಾಟದ ಜಗಳ ಅಂತ ತಳ್ಳಿಹಾಕುವ ಮೊದಲು ಒಂದು ಉದಾಹರಣೆ ಇಟ್ಟುಕೊಂಡು ಯೋಚಿಸೋಣ. ನಾನು ಆರಿಸಿಕೊಂಡಿರುವುದು ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಮಂಗಾದ ಶೌ ಟಕ್ಕರ್ ಎಂಬ ಪಾತ್ರವನ್ನು. ಇನ್ನೂ ಓದದವರಿಗೆ ಒಂದು ಎಚ್ಚರಿಕೆ: ಮುಂದೆ ಕಥೆಯ ಕೊನೆಯವರೆಗಿನ ಗುಟ್ಟುಗಳು ಬರುತ್ತವೆ.

ಹಿರೋಮು ಅರಕಾವಾ ಎಂಬ ಲೇಖಕಿ ಬರೆದು ಚಿತ್ರಿಸಿದ ಈ ಮಂಗಾ 2001ರಿಂದ 2010ರವರೆಗೆ ಜಪಾನಿನ ‘ಶೋನೆನ್ ಗಂಗನ್’ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಒಟ್ಟು 108 ಅಧ್ಯಾಯ, 27 ಸಂಪುಟ. ಒಂದು ಕಾಲಕ್ಕೆ ನಮ್ಮ ಪತ್ರಿಕೆಗಳ ಧಾರಾವಾಹಿಗೆ ಮನೆಮಂದಿ ಕಾಯುತ್ತಿದ್ದರಲ್ಲ, ಅಲ್ಲಿನ ಓದುಗರು ಇದಕ್ಕೆ ಹಾಗೆ ತಿಂಗಳುಗಟ್ಟಲೆ ಕಾದರು.

ಕಥೆ ನಡೆಯುವುದು ಅಮೆಸ್ಟ್ರಿಸ್ ಎಂಬ ಕಾಲ್ಪನಿಕ ದೇಶದಲ್ಲಿ. ಅಲ್ಲಿ ರಸವಿದ್ಯೆ ಒಂದು ಶಾಸ್ತ್ರ. ಅದರ ಮೂಲ ನಿಯಮ ಸಮಾನ ವಿನಿಮಯ, ಅಂದರೆ ಏನನ್ನಾದರೂ ಪಡೆಯಬೇಕಾದರೆ ಅಷ್ಟೇ ಬೆಲೆಯದ್ದನ್ನು ಕೊಡಬೇಕು. ಎಡ್ವರ್ಡ್ ಮತ್ತು ಆಲ್ಫೋನ್ಸ್ ಎಂಬ ಅಣ್ಣತಮ್ಮಂದಿರು ಸತ್ತುಹೋದ ಅಮ್ಮನನ್ನು ಈ ವಿದ್ಯೆಯಿಂದ ಮರಳಿ ತರಲು ಹೋಗುತ್ತಾರೆ. ಅಮ್ಮ ಬರಲಿಲ್ಲ. ಅಣ್ಣ ಒಂದು ಕಾಲು ಕಳೆದುಕೊಂಡ, ತಮ್ಮನ ಇಡೀ ದೇಹವೇ ಹೋಯಿತು. ತಮ್ಮನ ಆತ್ಮವನ್ನು ಒಂದು ಕಬ್ಬಿಣದ ಕವಚಕ್ಕೆ ಕಟ್ಟಿಹಾಕಲು ಅಣ್ಣ ತನ್ನ ಬಲಗೈಯನ್ನೂ ಕೊಟ್ಟ. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಪರುಷಮಣಿ ಹುಡುಕುತ್ತಾ ಇಬ್ಬರೂ ಊರೂರು ಅಲೆಯುತ್ತಾರೆ. ಅದಕ್ಕಾಗಿಯೇ ಎಡ್ವರ್ಡ್ ಸೈನ್ಯದ ಕೈಕೆಳಗಿನ ಸರ್ಕಾರಿ ರಸವಾದಿಯೂ ಆಗಿದ್ದಾನೆ.

ಈ ಅಲೆದಾಟದಲ್ಲಿ, 2ನೇ ಸಂಪುಟದ ಶುರುವಿನಲ್ಲೇ, ಅವರಿಗೆ ಸಿಗುವವನು ಟಕ್ಕರ್. ಕನ್ನಡಕ ಹಾಕಿದ, ಮೆದುಮಾತಿನ, ಸ್ವಲ್ಪ ಸುಸ್ತಾದಂತೆ ಕಾಣುವ ಮನುಷ್ಯ. ಬೇರೆ ಬೇರೆ ಜೀವಿಗಳನ್ನು ಬೆಸೆದು ‘ಕೈಮೀರಾ’ ಎಂಬ ಹೊಸ ಜೀವಿ ಮಾಡುವುದರಲ್ಲಿ ಅವನು ಪರಿಣತ. ಎರಡು ವರ್ಷದ ಹಿಂದೆ ಮಾತನಾಡುವ ಕೈಮೀರಾ ಒಂದನ್ನು ಮಾಡಿ ತೋರಿಸಿ ಸರ್ಕಾರಿ ಪರವಾನಗಿ ಗಿಟ್ಟಿಸಿದ್ದ. ಆ ಜೀವಿ ತನಗೆ ಸಾಯಬೇಕು ಅಂತ ಹೇಳಿ, ಅನ್ನ ನೀರು ಬಿಟ್ಟು ಸತ್ತುಹೋಗಿತ್ತು. ಬಡತನ ತಾಳಲಾರದೆ ಹೆಂಡತಿ ಬಿಟ್ಟುಹೋದಳು ಎನ್ನುತ್ತಾನೆ. ಮನೆಯಲ್ಲಿರುವುದು ಪುಟ್ಟ ಮಗಳು ನೀನಾ ಮತ್ತು ಅಲೆಕ್ಸಾಂಡರ್ ಎಂಬ ದೊಡ್ಡ ನಾಯಿ. ಅಣ್ಣತಮ್ಮಂದಿರಿಗೂ ನೀನಾಳಿಗೂ ಬೇಗ ಸಲಿಗೆ ಬೆಳೆಯುತ್ತದೆ.

ಆದರೆ ಟಕ್ಕರ್‌ಗೆ ವಾರ್ಷಿಕ ಮೌಲ್ಯಮಾಪನ ಹತ್ತಿರ ಬಂದಿದೆ. ಫಲಿತಾಂಶ ತೋರಿಸದಿದ್ದರೆ ಪರವಾನಗಿ ಹೋಗುತ್ತೆ, ಮತ್ತೆ ಬಡತನ. ಒಂದು ದಿನ ಅಣ್ಣತಮ್ಮಂದಿರು ಬಂದಾಗ ಹೊಸದೊಂದು ಮಾತನಾಡುವ ಕೈಮೀರಾ ತೋರಿಸುತ್ತಾನೆ. ಅದು ತಡವರಿಸುತ್ತಾ ಎಡ್ವರ್ಡನ ಹೆಸರು ಹೇಳುತ್ತದೆ, ಆಮೇಲೆ ಅಣ್ಣ ಅನ್ನುತ್ತದೆ. ಎಡ್ವರ್ಡ್ ಎರಡೇ ಪ್ರಶ್ನೆ ಕೇಳುತ್ತಾನೆ. ಪರವಾನಗಿ ಸಿಕ್ಕಿದ್ದು ಯಾವಾಗ? ಹೆಂಡತಿ ಹೋದದ್ದು ಯಾವಾಗ? ಎರಡಕ್ಕೂ ಉತ್ತರ ಒಂದೇ, ಎರಡು ವರ್ಷದ ಹಿಂದೆ. ಹಾಗಾದರೆ ನೀನಾ ಮತ್ತು ಅಲೆಕ್ಸಾಂಡರ್ ಈಗ ಎಲ್ಲಿ? ಉತ್ತರ ಕಣ್ಣೆದುರಿಗೇ ಕೂತಿದೆ.

ಟಕ್ಕರ್‌ಗೆ ಪಶ್ಚಾತ್ತಾಪ ಇಲ್ಲ. ನೀನೂ ನನ್ನ ಹಾಗೆಯೇ, ಸಾಧ್ಯ ಅಂತ ಗೊತ್ತಾದಾಗ ಮಾಡಿ ನೋಡಿದೆ ಅಷ್ಟೆ ಎಂದು ಎಡ್ವರ್ಡ್‌ಗೇ ತಿರುಗಿ ಹೇಳುತ್ತಾನೆ. ಎಡ್ವರ್ಡ್ ಅವನನ್ನು ಹೊಡೆಯುತ್ತಾನೆ, ಆಲ್ಫೋನ್ಸ್ ತಡೆಯುತ್ತಾನೆ. ನೀನಾಳನ್ನು ಮೊದಲಿನಂತೆ ಮಾಡುವ ವಿದ್ಯೆ ಇಬ್ಬರ ಬಳಿಯೂ ಇಲ್ಲ. ಆಮೇಲೆ ಸರ್ಕಾರಿ ರಸವಾದಿಗಳನ್ನು ಹುಡುಕಿ ಕೊಲ್ಲುವ ಸ್ಕಾರ್ ಎಂಬವನು ಬಂದು ಟಕ್ಕರ್‌ನನ್ನು ಕೊಲ್ಲುತ್ತಾನೆ. ಇನ್ನು ಬೇರ್ಪಡಿಸಲಾಗದ ಆ ಮಗುವನ್ನೂ, ಮರುಕದಿಂದ, ಕೊಲ್ಲುತ್ತಾನೆ. ಟಕ್ಕರ್ ಕಥೆ ಇಷ್ಟೇ. 27 ಸಂಪುಟಗಳಲ್ಲಿ ಅವನ ಪಾಲು ಬೆರಳೆಣಿಕೆಯ ಪುಟಗಳು.

ಈಗ ಜಗಳಕ್ಕೆ ಬರೋಣ. ಕಳೆದ ದಸರಾ ರಜೆಯಲ್ಲಿ ಇದನ್ನು ನಾನು ನಮ್ಮ ಊಟದ ಮೇಜಿನ ಮೇಲೆಯೇ ಕೇಳಿದೆ. ಒಂದು ಕಡೆ ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮಗ. ಇನ್ನೊಂದು ಕಡೆ ಪಿಯುಸಿಯ ನನ್ನ ಮಗಳು.

ಅವನ ವಾದ ಲೆಕ್ಕಾಚಾರದ್ದು. ‘ನೋಡಿ ಅತ್ತೆ, ರಾಮಾಯಣದಲ್ಲಿ ಮಂಥರೆ ಎಷ್ಟು ಹೊತ್ತು ಇರ್ತಾಳೆ? ಸ್ವಲ್ಪ ಹೊತ್ತು. ಆದ್ರೆ ಅವಳು ಕೈಕೇಯಿ ಕಿವಿ ಊದದಿದ್ರೆ ರಾಮ ಕಾಡಿಗೇ ಹೋಗಲ್ಲ. ಅದು ಮುಖ್ಯ ಪಾತ್ರ ಅಂದ್ರೆ. ಟಕ್ಕರ್‌ನ ತೆಗೆದುಬಿಡಿ, ಏನು ನಿಲ್ಲುತ್ತೆ? ಎಡ್ವರ್ಡ್ ಆಗಲೇ ಪರುಷಮಣಿ ಹುಡುಕ್ತಿದ್ದ, ಆಮೇಲೂ ಹುಡುಕ್ತಾನೆ. ಸ್ಕಾರ್ ಆಗಲೇ ಕೊಲ್ತಿದ್ದ, ಆಮೇಲೂ ಕೊಲ್ತಾನೆ. ಜನ ಅತ್ತಿದ್ದಾರೆ, ಅದಕ್ಕೇ ಅವನು ದೊಡ್ಡ ಖಳ ಅಂತಾರೆ, ಅಷ್ಟೆ.’

ಅವನ ಪ್ರಕಾರ ಎರಡನೇ ಸಾಲಿನ ಖಳರಲ್ಲಿ ನಿಜಕ್ಕೂ ತೂಕದವನು ಕಿಂಬ್ಲಿ. ಅದಕ್ಕೆ ಅವನ ಬಳಿ ಸಾಕಷ್ಟು ಆಧಾರವೂ ಇತ್ತು. ಕಿಂಬ್ಲಿ ಸ್ಫೋಟಗಳನ್ನು ಉಂಟುಮಾಡುವ ರಸವಾದಿ. ಇಶ್ವಾಲ್ ಎಂಬ ಪ್ರಾಂತ್ಯದ ಜನರನ್ನು ಸೈನ್ಯ ನಿರ್ನಾಮ ಮಾಡಿದಾಗ ಅವನು ಆ ಕೆಲಸವನ್ನು ಖುಷಿಯಿಂದ ಮಾಡಿದ. ಅವನ ದಾಳಿಯಲ್ಲೇ ಸ್ಕಾರ್‌ನ ಅಣ್ಣ ಸತ್ತ. ಸಾಯುವ ಮುನ್ನ ಆ ಅಣ್ಣ ತಮ್ಮನಿಗೆ ಕೊಟ್ಟ ಕೈಯೇ ಸ್ಕಾರ್‌ನ ಆಯುಧ. ಅಂದರೆ ಕಿಂಬ್ಲಿ ಇಲ್ಲದಿದ್ದರೆ ನಾವು ಕಂಡ ಸ್ಕಾರ್ ಇಲ್ಲ. ಕೊನೆಯ ಕಾಳಗದಲ್ಲೂ ಅಷ್ಟೆ. ಪ್ರೈಡ್ ಎಂಬ ಕೃತಕ ಮಾನವ ಎಡ್ವರ್ಡನ ದೇಹವನ್ನು ಆಕ್ರಮಿಸಲು ಹೊರಟಾಗ, ಪ್ರೈಡ್‌ನ ಒಳಗೆ ಸೇರಿಹೋಗಿದ್ದ ಕಿಂಬ್ಲಿಯ ಆತ್ಮವೇ ಅಡ್ಡ ಬರುತ್ತದೆ. ಒಳ್ಳೆಯತನದಿಂದಲ್ಲ, ತನ್ನದೇ ವಿಚಿತ್ರ ನಿಷ್ಠೆಯಿಂದ. ಕಥೆಯ ಎರಡು ಮುಖ್ಯ ತಿರುವುಗಳಲ್ಲಿ ಅವನ ಕೈಯಿದೆ. ಘಟನೆಗಳ ತಕ್ಕಡಿಯಲ್ಲಿ ತೂಗಿದರೆ ಕಿಂಬ್ಲಿಯೇ ಭಾರ. ಇದನ್ನು ನಾನೂ ಒಪ್ತೀನಿ.

ನನ್ನ ಮಗಳು ಇನ್ನೊಂದು ಕಡೆಯಿಂದ ಬಂದಳು. ‘ಕಿಂಬ್ಲಿ ಬಂದ ತಕ್ಷಣ ಇವನು ಕೆಟ್ಟವನು ಅಂತ ಗೊತ್ತಾಗುತ್ತೆ. ನಗುನೇ ಹಾಗಿದೆ. ಟಕ್ಕರ್ ಟೀ ಕೊಡ್ತಾನೆ, ಲೈಬ್ರರಿ ಬಾಗಿಲು ತೆಗೀತಾನೆ, ಮಗಳ ತಲೆ ಸವರ್ತಾನೆ. ಅವನಾದ ಮೇಲೆ ನಾನು ಆ ಪುಸ್ತಕದಲ್ಲಿ ಯಾವ ಒಳ್ಳೆ ಅಪ್ಪನನ್ನ ನೋಡಿದ್ರೂ ಒಂದು ನಿಮಿಷ ಅನುಮಾನ ಪಟ್ಟೆ. ಅದು ತೂಕ ಅಲ್ವಾ?’

ಇಬ್ಬರ ಮಾತೂ ಸರಿ ಅನ್ನಿಸುವುದು ಇಬ್ಬರೂ ಬೇರೆ ಬೇರೆ ತಕ್ಕಡಿ ಹಿಡಿದಿರುವುದರಿಂದ. ಅವನು ಅಳೆಯುತ್ತಿರುವುದು ಮುಂದೇನಾಯಿತು ಎಂಬುದನ್ನು. ಇವಳು ಅಳೆಯುತ್ತಿರುವುದು ಮುಂದಿನದನ್ನು ನಾವು ಹೇಗೆ ಓದಿದೆವು ಎಂಬುದನ್ನು.

ಟಕ್ಕರ್ ವಿಷಯದಲ್ಲಿ ನಮಗೆ ಇನ್ನೊಂದು ಅನುಕೂಲವಿದೆ. ಈ ಮಂಗಾ ಎರಡು ಸಲ ಅನಿಮೆ ಸರಣಿಯಾಯಿತು. ಮೊದಲನೆಯದು 2003ರದ್ದು, 51 ಕಂತು. ಎರಡನೆಯದು 2009ರಲ್ಲಿ ಶುರುವಾದ ‘ಬ್ರದರ್‌ಹುಡ್’, 64 ಕಂತು. ಎರಡನ್ನೂ ಮಾಡಿದ್ದು ಬೋನ್ಸ್ ಎಂಬ ಸ್ಟುಡಿಯೋ. ಮೊದಲನೆಯದು ತಯಾರಾಗುವಾಗ ಮಂಗಾ ಇನ್ನೂ ಮುಗಿದಿರಲಿಲ್ಲ, ಹಾಗಾಗಿ ಅದು ತನ್ನದೇ ದಾರಿ ಹಿಡಿಯಿತು. ಎರಡನೆಯದು ಹೆಚ್ಚುಕಡಿಮೆ ಮಂಗಾದ ಹೆಜ್ಜೆಯಲ್ಲೇ ನಡೆಯಿತು.

2003ರ ಸರಣಿಯಲ್ಲಿ ಟಕ್ಕರ್‌ಗೆ ಜಾಗ ಬಹಳ. ಸರ್ಕಾರಿ ಪರೀಕ್ಷೆಗೆ ಓದಿಕೊಳ್ಳಲು ಅಣ್ಣತಮ್ಮಂದಿರು ಅವನ ಮನೆಯಲ್ಲೇ ಉಳಿಯುತ್ತಾರೆ. ನೀನಾಳ ಜೊತೆಗಿನ ದಿನಗಳು ಹೆಚ್ಚುತ್ತವೆ. ಮುಖ್ಯವಾಗಿ, ಅಲ್ಲಿ ಟಕ್ಕರ್ ಸಾಯುವುದಿಲ್ಲ. ಮರಣದಂಡನೆಯಾಯಿತು ಎಂದು ಎಲ್ಲರೂ ನಂಬಿರುವಾಗ ಸೈನ್ಯದ ಐದನೇ ಪ್ರಯೋಗಾಲಯದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾನೆ, ಅದೂ ತಾನೇ ಒಂದು ಕೈಮೀರಾ ಆಗಿ. ಸತ್ತ ಮಗಳನ್ನು ಮರಳಿ ಪಡೆಯುವ ಹುಚ್ಚು ಅವನಿಗೆ ಹತ್ತಿರುತ್ತದೆ. ಕೊನೆಗೆ ಅವನ ಕೈಗೆ ಸಿಗುವುದು ನೀನಾಳ ರೂಪದ ಜೀವವಿಲ್ಲದ ಗೊಂಬೆ.

ಹೆಚ್ಚು ಹೊತ್ತು ಇದ್ದಷ್ಟೂ ಪಾತ್ರದ ತೂಕ ಹೆಚ್ಚುತ್ತದೆ ಅನ್ನುವುದಾದರೆ ಈ ಟಕ್ಕರ್ ಹೆಚ್ಚು ಭಾರವಾಗಬೇಕಿತ್ತು. ನನಗೆ ಹಾಗನ್ನಿಸಲಿಲ್ಲ. ಗೊಂಬೆ ಹಿಡಿದು ಕೂತವನನ್ನು ನೋಡಿದಾಗ ಮೈ ಜುಮ್ಮೆನ್ನುತ್ತದೆ ನಿಜ. ಆದರೆ ಆಕಾರವೂ ವಿಕಾರವಾಗಿ, ಕತ್ತಲ ಕೋಣೆಯಲ್ಲಿ ಅಡಗಿ ಕೂತವನನ್ನು ರಾಕ್ಷಸ ಅಂದುಬಿಡುವುದು ಸುಲಭ. ಮಂಗಾದ ಟಕ್ಕರ್ ಕೊನೆಯವರೆಗೂ ಮನುಷ್ಯನಾಗಿಯೇ ಇರುತ್ತಾನೆ, ನಮ್ಮ ಪಕ್ಕದ ಬೀದಿಯಲ್ಲಿ ಬಾಡಿಗೆಗೆ ಇರಬಹುದಾದಂಥ ಮನುಷ್ಯ. ಅವನು ಬೇಗ ಹೋಗಿಬಿಡುವುದರಿಂದ ಅವನಿಗೆ ಬುದ್ಧಿ ಬಂತೋ, ದುಃಖವಾಯಿತೋ ಎಂದು ತಿಳಿಯುವ ಸಮಾಧಾನವೂ ನಮಗೆ ಸಿಗೋದಿಲ್ಲ.

ಇನ್ನು ನನ್ನ ವಾದ. ಟಕ್ಕರ್‌ನನ್ನು ತೆಗೆದರೆ ಘಟನೆಗಳು ನಿಲ್ಲೋದಿಲ್ಲ, ಸರಿ. ಆದರೆ ಇಡೀ ಕಥೆ ಯಾವ ಪ್ರಶ್ನೆ ಕೇಳುತ್ತಿದೆಯೋ ಅದು ಮಸುಕಾಗುತ್ತದೆ.

ಕಥೆಯ ಮುಖ್ಯ ಖಳನ ಹೆಸರು ನೋಡಿ. ಅವನನ್ನು ಕರೆಯುವುದೇ ‘ತಂದೆ’ ಅಂತ. ಅವನು ಪರುಷಮಣಿಗಾಗಿ ಒಂದಿಡೀ ದೇಶದ ಜನರನ್ನು ಕಚ್ಚಾ ಸಾಮಗ್ರಿಯಂತೆ ಬಳಸಲು ಹೊರಟವನು. ಪರುಷಮಣಿ ತಯಾರಾಗುವುದೇ ಜೀವಂತ ಮನುಷ್ಯರಿಂದ ಎಂದು ಅಣ್ಣತಮ್ಮಂದಿರಿಗೆ ಆಮೇಲೆ ಗೊತ್ತಾಗುತ್ತದೆ. ಹಾಗೆ ನೋಡಿದರೆ ಟಕ್ಕರ್ ತನ್ನ ಮನೆಯೊಳಗೆ ಮಾಡಿದ್ದನ್ನೇ ಆ ‘ತಂದೆ’ ದೇಶದ ಅಳತೆಯಲ್ಲಿ ಮಾಡುತ್ತಾನೆ. ಲಕ್ಷಾಂತರ ಜನ ಸಾಯ್ತಾರೆ ಅಂದರೆ ನಮ್ಮ ಮನಸ್ಸಿಗೆ ಅದು ಬರೀ ಲೆಕ್ಕ. ಒಬ್ಬ ಅಪ್ಪ, ಒಬ್ಬಳು ಮಗಳು, ಒಂದು ನಾಯಿ ಅಂದಾಗ ಎದೆಗೆ ನಾಟುತ್ತದೆ. ಮುಂದೆ ಪರುಷಮಣಿಯ ಗುಟ್ಟು ಬಯಲಾದಾಗ ಓದುಗರಿಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ, ನೀನಾಳನ್ನು ನೋಡಿಬಿಟ್ಟಿರುತ್ತೇವೆ.

ಸೈನ್ಯದ ವಿಷಯವೂ ಇದೆ. ಟಕ್ಕರ್‌ಗೆ ಪರವಾನಗಿ ಕೊಟ್ಟವರು ಆ ಮೊದಲ ಕೈಮೀರಾ ಹೇಗಾಯಿತು ಎಂದು ಕೆದಕಿ ನೋಡಲಿಲ್ಲ. ವರ್ಷಕ್ಕೊಮ್ಮೆ ಫಲಿತಾಂಶ ಬೇಕು, ಬಂದರೆ ಸಂಬಳ, ಇಲ್ಲದಿದ್ದರೆ ಬಾಗಿಲು. ಮುಂದಿನ ಸಂಪುಟಗಳಲ್ಲಿ ಇದೇ ಸೈನ್ಯ ಗುಟ್ಟಾಗಿ ಮನುಷ್ಯರನ್ನೇ ಪ್ರಾಣಿಗಳ ಜೊತೆ ಬೆಸೆದು ಸೈನಿಕರನ್ನಾಗಿ ಮಾಡಿದ್ದು ಹೊರಬರುತ್ತದೆ. ಟಕ್ಕರ್ ಒಬ್ಬನ ಹುಚ್ಚು ಅಂದುಕೊಂಡಿದ್ದು ಒಂದು ವ್ಯವಸ್ಥೆಯ ಅಭ್ಯಾಸ ಅಂತ ಆಗ ತಿಳಿಯುತ್ತದೆ. ಟಕ್ಕರ್‌ನ ಪಾಪ ಇದರಿಂದ ಕಡಿಮೆಯಾಗುವುದಿಲ್ಲ. ಅಂಥವನಿಗೆ ಬೆಲೆ ಕಟ್ಟಿ ಕೂರಿಸಿದವರು ಯಾರು ಎಂಬ ಪ್ರಶ್ನೆ ಮಾತ್ರ ಜೊತೆಗೆ ಸೇರಿಕೊಳ್ಳುತ್ತದೆ.

ಇನ್ನು ಎಡ್ವರ್ಡ್. ಟಕ್ಕರ್ ಎದುರು ಅವನಿಗೆ ಅಷ್ಟು ಸಿಟ್ಟು ಬಂದದ್ದು ಯಾಕೆ? ನೀನೂ ನನ್ನ ಹಾಗೆಯೇ ಎಂಬ ಮಾತಿನಲ್ಲಿ ಒಂದು ಎಳೆ ಸತ್ಯ ಇದ್ದುದಕ್ಕೆ. ಅವನೂ ಮಾಡಬಾರದ ಪ್ರಯೋಗ ಮಾಡಿ ತಮ್ಮನ ದೇಹ ಕಳೆದವನು. ಆದರೆ ಅವನು ತಮ್ಮನಿಗಾಗಿ ಕೊಟ್ಟದ್ದು ತನ್ನದೇ ಕೈಯನ್ನು. ಟಕ್ಕರ್ ಕೊಟ್ಟದ್ದು ಮಗಳನ್ನು. ಸಮಾನ ವಿನಿಮಯ ಅಂದಾಗ ಬೆಲೆ ಯಾರು ತೆರುತ್ತಾರೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ. ಕೊನೆಯಲ್ಲಿ ತಮ್ಮನನ್ನು ಮರಳಿ ಪಡೆಯಲು ಎಡ್ವರ್ಡ್ ತನ್ನ ರಸವಿದ್ಯೆಯನ್ನೇ ಬಿಟ್ಟುಕೊಡುತ್ತಾನೆ, ಬೇರೆ ಯಾರ ಜೀವವನ್ನೂ ಅಲ್ಲ. ಟಕ್ಕರ್ ತೋರಿಸಿದ ದಾರಿಗೆ ಅದು ನೇರ ಉತ್ತರ. ಕೇಳಿದ ಪ್ರಶ್ನೆಯನ್ನೇ ಅಳಿಸಿಬಿಟ್ಟರೆ ಆ ಉತ್ತರದ ಬೆಲೆ ಹೇಗೆ ಗೊತ್ತಾಗಬೇಕು?

ಇಷ್ಟು ಹೇಳಿ ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮಗಳು ಇನ್ನೊಂದು ಮಾತು ಹೇಳಿದಳು. ‘ನೀವೆಲ್ಲ ಟಕ್ಕರ್ ಟಕ್ಕರ್ ಅಂತೀರಲ್ಲಮ್ಮ, ಕೊನೇಲಿ ಅವನ ಹೆಸರು ಯಾರಾದ್ರೂ ಎತ್ತುತ್ತಾರಾ?’

ಹೌದಲ್ಲ! ಕೊನೆಯ ಅಧ್ಯಾಯದಲ್ಲಿ ಆಲ್ಫೋನ್ಸ್ ನೆನೆಯುವುದು ತಮ್ಮಿಂದ ಉಳಿಸಲಾಗದ ಆ ಹುಡುಗಿಯನ್ನು. ಅಂಥವರಿಗೆ ನೆರವಾಗುವ ವಿದ್ಯೆ ಕಲಿಯಲು ಅವನು ಪೂರ್ವದ ದೇಶಕ್ಕೆ ಹೊರಡುತ್ತಾನೆ. ಜೊತೆಗೆ ಹೋಗುವವರು ಸೈನ್ಯದಿಂದ ಕೈಮೀರಾಗಳಾದ ಇಬ್ಬರು, ತಮ್ಮ ದೇಹ ಮರಳಿ ಬೇಕೆನ್ನುವವರು. ಎಡ್ವರ್ಡ್ ಪಶ್ಚಿಮಕ್ಕೆ ಹೊರಡುತ್ತಾನೆ. 2ನೇ ಸಂಪುಟದಲ್ಲಿ ಸತ್ತ ಮಗು 27ನೇ ಸಂಪುಟದಲ್ಲಿ ಅಣ್ಣತಮ್ಮಂದಿರ ಮುಂದಿನ ಬದುಕನ್ನು ನಿರ್ಧರಿಸುತ್ತದೆ. ಘಟನೆಗಳ ಲೆಕ್ಕ ಕೇಳಿದ ನನ್ನ ಅಣ್ಣನ ಮಗನಿಗೆ ಇದು ಲೆಕ್ಕದ್ದೇ ಉತ್ತರ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಮುಖ್ಯ ನೀನಾ, ಟಕ್ಕರ್ ಅಲ್ಲ’ ಅಂದ. ಅವಳೂ ಬಿಡಲಿಲ್ಲ, ‘ಅದನ್ನೇ ನಾನೂ ಹೇಳಿದ್ದು’ ಅಂದಳು.

ಅರಕಾವಾ ಅವರ ಹಿನ್ನೆಲೆ ತಿಳಿದರೆ ಈ ಭಾಗ ಇನ್ನಷ್ಟು ಹತ್ತಿರವಾಗುತ್ತದೆ. ಅವರು ಹುಟ್ಟಿ ಬೆಳೆದದ್ದು ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ, ಹೈನುಗಾರಿಕೆಯ ಮನೆಯಲ್ಲಿ. ಪ್ರಾಣಿಗಳನ್ನು ಸಾಕುವುದು, ಅವುಗಳಿಂದಲೇ ಬದುಕುವುದು ಎರಡೂ ಅಲ್ಲಿ ಒಟ್ಟಿಗೇ ನಡೆಯುತ್ತವೆ. ಮುಂದೆ ಅವರು ಕೃಷಿ ಶಾಲೆಯ ಮಕ್ಕಳ ಬಗ್ಗೆ ‘ಸಿಲ್ವರ್ ಸ್ಪೂನ್’ ಎಂಬ ಮಂಗಾ ಬರೆದರು. ಅದರಲ್ಲಿ ಪಟ್ಟಣದಿಂದ ಬಂದ ಹುಡುಗನೊಬ್ಬ ಹಂದಿಮರಿಗೆ ಹೆಸರಿಟ್ಟು ಸಾಕುತ್ತಾನೆ, ಕೊನೆಗೆ ಅದು ಮಾಂಸವಾಗುವುದನ್ನು ಎದುರಿಸುತ್ತಾನೆ. ಅಲ್ಲಿ ಖಳನೇ ಇಲ್ಲ. ಆದರೆ ಒಂದು ಜೀವವನ್ನು ಬಳಸುವಾಗ ಅದಕ್ಕೆ ನಾವು ಏನು ಋಣಿ ಎಂಬ ಪ್ರಶ್ನೆ ಅದೇ. ಹುಡುಗ ಆ ಋಣವನ್ನು ಹೊರುತ್ತಾನೆ. ಟಕ್ಕರ್‌ಗೆ ಋಣ ಇದೆ ಎಂಬುದೇ ಹೊಳೆಯುವುದಿಲ್ಲ.

ಕೊನೆಗೆ ಅಪ್ಪ ಅಮ್ಮಂದಿರಿಗೆ ಎರಡು ಮಾತು. ಅನಿಮೆ ಅಂದರೆ ಕಾರ್ಟೂನು, ನೋಡ್ಕೊಳ್ಳಲಿ ಬಿಡು ಅನ್ನುವವರು ನಮ್ಮಲ್ಲಿ ಬಹಳ ಮಂದಿ. ‘ಬ್ರದರ್‌ಹುಡ್’ ಸರಣಿಯಲ್ಲಿ ಟಕ್ಕರ್ ಭಾಗ ಬರುವುದು 4ನೇ ಕಂತಿನಲ್ಲೇ. ಅಂದರೆ ಮಗು ನೋಡಲು ಕೂತ ಮೊದಲ ಸಂಜೆಯೇ ಎದುರಾಗಬಹುದು. ಹೈಸ್ಕೂಲು ಮುಟ್ಟದ ಮಕ್ಕಳಿಗೆ ಇದು ಬೇಡ ಎಂಬುದು ನನ್ನ ಅಭಿಪ್ರಾಯ. ದೊಡ್ಡವರು ನೋಡುವುದಾದರೆ ಆ ಒಂದು ಕಂತಿಗಾದರೂ ಪಕ್ಕದಲ್ಲಿ ಕೂತುಕೊಳ್ಳಿ.

ನೋಡಿದ ಮೇಲೆ ಮಗು ಅತ್ತರೆ ‘ಅದು ಬರೀ ಕಥೆ, ಬಿಡು’ ಅಂತ ಬಾಯಿ ಮುಚ್ಚಿಸಬೇಡಿ. ಯಾಕೆ ಅಳು ಬಂತು ಅಂತ ಕೇಳಿ. ನಾಯಿ ಸತ್ತಿದ್ದಕ್ಕಾ, ಹುಡುಗಿಗಾ, ಅಪ್ಪ ಹಾಗೆ ಮಾಡಿದ್ದಕ್ಕಾ? ಒಬ್ಬೊಬ್ಬ ಮಗುವಿನ ಉತ್ತರ ಒಂದೊಂದು. ನಂಬಿದವರಿಂದಲೂ ನೋವಾಗಬಹುದು, ಹಾಗಾದಾಗ ಹೇಳಿಕೊಳ್ಳಲು ಇನ್ನೊಬ್ಬರು ದೊಡ್ಡವರು ಇರುತ್ತಾರೆ ಎಂಬ ಮಾತನ್ನು ಮಕ್ಕಳ ಜೊತೆ ಆಡಲು ನಮಗೆ ಸಾಮಾನ್ಯವಾಗಿ ಬಾಯಿ ಬರೋದಿಲ್ಲ. ಇಲ್ಲಿ ಅದಕ್ಕೊಂದು ದಾರಿ ತಾನಾಗಿ ತೆರೆಯುತ್ತದೆ.

ಮಾರ್ಕ್ಸು, ರ‍್ಯಾಂಕು ಅಂತ ಒತ್ತಡದಲ್ಲಿರುವ ಮಕ್ಕಳಾದರೆ ಅವರು ಇನ್ನೊಂದು ಪ್ರಶ್ನೆ ಕೇಳಬಹುದು. ನಮ್ಮ ಮನೆಯಲ್ಲಿ ಬಂತು ಆ ಪ್ರಶ್ನೆ. ‘ಪರೀಕ್ಷೆ ಪಾಸಾಗಬೇಕು ಅಂತ ತಾನೇ ಅವನು ಹಾಗೆ ಮಾಡಿದ್ದು?’ ಹೌದು, ಅದಕ್ಕೇ. ಫಲಿತಾಂಶಕ್ಕಾಗಿ ಯಾರನ್ನು ಬಲಿ ಕೊಡಬಾರದು ಎಂಬ ಮಾತಿಗೆ ಟಕ್ಕರ್ ಒಳ್ಳೆಯ ಪೀಠಿಕೆ. ಒಂದೆರಡು ಅಧ್ಯಾಯ ಬಂದು ಹೋದ ಖಳನೊಬ್ಬ ಊಟದ ಮೇಜಿನ ಮೇಲೆ ಇಷ್ಟು ಮಾತು ಹುಟ್ಟಿಸಿದ ಮೇಲೆ ಅವನ ತೂಕ ಎಷ್ಟು ಎಂದು ನೀವೇ ಹೇಳಿ. ನಿಮ್ಮ ಮನೆಯ ಮಕ್ಕಳು ಯಾವ ಖಳನ ಬಗ್ಗೆ ಜಗಳ ಆಡ್ತಾರೆ, ಕೇಳಿ ನೋಡಿ. ಅವರ ಪಟ್ಟಿಯಲ್ಲಿ ನೀವು ಹೆಸರೇ ಕೇಳದವರು ಇರ್ತಾರೆ. ಸ್ವಲ್ಪ ಹೊತ್ತು ಕೂತು ಕೇಳಿಸಿಕೊಂಡರೆ, ಅವರು ಖಳನ ಬಗ್ಗೆ ಮಾತಾಡ್ತಾ ಮಾತಾಡ್ತಾ ತಮಗೆ ಯಾವುದು ಅನ್ಯಾಯ ಅನ್ನಿಸುತ್ತೆ ಅಂತ ಹೇಳ್ತಿರೋದು ಗೊತ್ತಾಗುತ್ತೆ.